ಹಳ್ಳದ ಕುಂಬಾರ ಕಪ್ಪೆಯ ಫೋಟೊ ತೆಗೆದದ್ದು

ನಾನು ಸಿರ್ಸಿಯವ, ಮಳೆಗಾಲದ ರಾತ್ರಿಗಳಲ್ಲಿ ಕಪ್ಪೆ ಫೋಟೊ ತೆಗೆಯುತ್ತೇನೆ. ಕಪ್ಪೆಯಂತೆ ಉಭಯಚರವಾದರೂ ಹಲ್ಲಿಯ ಹಾಗೆ ಬಾಲವಿರುವ ಸಾಲಮಾಂಡರ್ ಫೋಟೊ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಘಟ್ಟದಲ್ಲಿ ಅದು ಇಲ್ಲವೇ ಇಲ್ಲ, ನೋಡಬೇಕಾದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು. ಆದರೆ ನಮ್ಮಲ್ಲಿ ಕುಂಬಾರ ಕಪ್ಪೆ ಇದೆಯಲ್ಲ! ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ, ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡು. ಅಲ್ಲಿನ ಹಳ್ಳಗಳೇ ಇದರ ಮನೆ. ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಹಳ್ಳವನ್ನು ಹಗಲಲ್ಲೇ ಒಮ್ಮೆ ನೋಡಿಕೊಂಡು ಬರುತ್ತೇನೆ. ಎಲ್ಲಿ ಜಾರುತ್ತದೆ, ಯಾವ ಕೊಂಬೆ ನೀರಿನ ಮೇಲೆ ಬಾಗಿದೆ ಅಂತ ಗೊತ್ತಿದ್ದರೆ ರಾತ್ರಿ ಸುಲಭ.

ಕಪ್ಪೆಯನ್ನು ಹುಡುಕುವುದು ಕಿವಿಯಿಂದಲೇ. ಟಾರ್ಚ್ ಆರಿಸಿ ಸುಮ್ನೆ ಕೂರಬೇಕು. ಗಂಡು ಕೂಗಿದ ಕಡೆಗೆ ನಿಧಾನ ಸರಿಯಬೇಕು, ಅದು ನಿಲ್ಲಿಸಿದರೆ ನಾವೂ ನಿಲ್ಲಬೇಕು. ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ನಮ್ಮಲ್ಲಿ ಸುಣ್ಣ, ಹೊಗೆಸೊಪ್ಪು ಹಚ್ಚುತ್ತಾರೆ. ನಾನು ಅದನ್ನು ಮಾಡುವುದಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈ ಕಾಲಿನಲ್ಲಿದ್ದದ್ದು ಹಳ್ಳಕ್ಕೆ ಇಳಿದರೆ ಅದಕ್ಕೇ ತೊಂದರೆ, ಅಲ್ವಾ? ಉದ್ದನೆಯ ಉಂಬಳ ಕಾಲುಚೀಲ ಸಾಕು.

ನಾನು ಕಾಯುವುದು ಒಂದೇ ಗಳಿಗೆಗೆ. ಹೆಣ್ಣು ನೀರಿನ ಮೇಲಿರುವ ಕಲ್ಲಿಗೋ ಕೊಂಬೆಗೋ ಮೊಟ್ಟೆಯಿಟ್ಟು ಹೋಗುತ್ತದೆ. ಆಮೇಲೆ ಗಂಡಿನ ಕೆಲಸ. ಹಳ್ಳದ ತಳದಿಂದ ಮಣ್ಣು ಬಾಚಿ ತಂದು, ಹಿಂಗಾಲ ಮೇಲೆ ನಿಂತು, ಮುಂಗೈಯಿಂದ ಮೊಟ್ಟೆಗೆ ಸವರುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ. ಲೋಳೆಯೊಳಗೆ ಹೊಳೆಯುತ್ತಿದ್ದ ಮೊಟ್ಟೆಗಳು ಒಂದೊಂದೇ ಕೆಸರಿನ ಅಡಿಗೆ ಹೋಗುತ್ತವೆ. ಮಣ್ಣು ಮೆತ್ತಿದ ಬೆರಳಿನ ತುದಿ ಲೆನ್ಸಿನಲ್ಲಿ ಕಂಡಾಗ ಉಸಿರು ಬಿಗಿಹಿಡಿದಿದ್ದೆ.

100 ಎಂಎಂ ಮ್ಯಾಕ್ರೊ ಲೆನ್ಸ್ ಹಾಕುತ್ತೇನೆ. ಎಫ್ 11, ಶಟರ್ 1/200. ಫ್ಲ್ಯಾಶ್ ಮುಂದೆ ಬಿಳಿ ಡಿಫ್ಯೂಸರ್ ಇರಲೇಬೇಕು, ಇಲ್ಲದಿದ್ದರೆ ಒದ್ದೆ ಮೈ ಮೇಲೆಲ್ಲ ಬಿಳಿ ಚುಕ್ಕೆ ಕುಣಿಯುತ್ತವೆ. ಒಂದು ಕಪ್ಪೆಗೆ ನಾಲ್ಕೈದು ಫ್ಲ್ಯಾಶ್, ಅದಕ್ಕಿಂತ ಜಾಸ್ತಿ ಇಲ್ಲ. ಚೆಂದ ಕಾಣಲಿ ಅಂತ ಎತ್ತಿ ಎಲೆ ಮೇಲೆ ಕೂರಿಸುವವರಿದ್ದಾರೆ. ನನಗದು ಸರಿಯೆನಿಸುವುದಿಲ್ಲ, ಮಣ್ಣು ಮೆತ್ತುತ್ತಿದ್ದ ಗಂಡನ್ನು ಎತ್ತಿದರೆ ಮೊಟ್ಟೆ ಅರ್ಧಕ್ಕೇ ಉಳಿಯುತ್ತದೆ. ಮಣ್ಣು ಮೆತ್ತಿದ ಕೊಂಬೆಯನ್ನೂ ಮುಟ್ಟುವುದಿಲ್ಲ.

ಇನ್ನೊಂದು ಹಳ್ಳಕ್ಕೆ ಹೋಗುವ ಮೊದಲು ಬೂಟು ತೊಳೆದು ಪೂರ್ತಿ ಒಣಗಿಸುತ್ತೇನೆ. ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ಕೆಸರಿನ ಜೊತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಹುದು. ಮಳೆಗಾಲದಲ್ಲಿ ಬೂಟು ಒಣಗಲು ಒಲೆಯ ಹತ್ತಿರ ಇಡಬೇಕಾಗುತ್ತದೆ.