ಬಾಲ್ಕಾಂವ್ ಮತ್ತು ಅಂಗಳ: ಗೋವಾದ ಹಳೆಯ ಮನೆಯ ಹೊರಭಾಗವನ್ನು ಸರಿಪಡಿಸಿದ ನನ್ನ ಅನುಭವ

ಮಡಗಾಂವದ ಸಮೀಪ ನಾವು ಕೊಂಡ ಹಳೆಯ ಮನೆಯ ಒಳಕೋಣೆಗಳನ್ನು ನಾನು ಹೆಚ್ಚೇನೂ ಮುಟ್ಟಲಿಲ್ಲ. ದುರಸ್ತಿಯ ಬಹುಪಾಲು ಹಣ ಖರ್ಚಾದದ್ದು ಬೀದಿಗೆ ಎದುರಾಗಿರುವ ಬಾಲ್ಕಾಂವಿಗೆ ಮತ್ತು ಅದರ ಮುಂದಿನ ಅಂಗಳಕ್ಕೆ. ಮೆಟ್ಟಿಲು ಹತ್ತಿದೊಡನೆ ಎದುರುಬದುರಾಗಿ ಎರಡು ಕಲ್ಲಿನ ಕಟ್ಟೆಗಳು, ಮೇಲೆ ಕಂಬಗಳ ಆಧಾರದಲ್ಲಿ ನಿಂತ ಹೆಂಚಿನ ಮಾಡು: ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ರೂಢಿಗೆ ಬಂದ ಈ ಹೊರಜಗಲಿ ನಮ್ಮ ಕಾರವಾರ, ಕುಮಟೆಯ ಜಗಲಿಗೆ ದಾಯಾದಿಯಂತಿದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದೂ ಬಹುತೇಕ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲೇ ಸುರಿಯುವ ಊರಿನಲ್ಲಿ ಹೊರಗೆ ಕೂರುವ ಜಾಗದ ಅಂದವು ನೀರು ಎಲ್ಲಿ ಬಿದ್ದು ಎಲ್ಲಿಗೆ ಹರಿಯುತ್ತದೆ ಎಂಬುದರ ಮೇಲೆ ನಿಂತಿದೆ ಎಂದು ನಂಬಿದವನಾದ್ದರಿಂದ ಪೀಠೋಪಕರಣಗಳ ವಿಚಾರವನ್ನು ನಾನು ಕೊನೆಗೆ ಇಟ್ಟುಕೊಂಡೆ.

ಗೋಡೆ ಜಂಬಿಟ್ಟಿಗೆಯದು. ಹಿಂದಿನವರು ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಉಳಿಯಿಂದ ಅದನ್ನು ಎಬ್ಬಿಸಿದಾಗ ಹಲಗೆಯಂತಹ ಚಕ್ಕೆಗಳ ಬೆನ್ನಿಗೆ ಒದ್ದೆಯಾದ ಕೆಂಪು ಪುಡಿ ಅಂಟಿಕೊಂಡು ಬಂತು. ರಂಧ್ರಗಳಿರುವ ಈ ಕಲ್ಲು ನೆಲದ ತೇವವನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಸಿಮೆಂಟು ಆ ತೇವವನ್ನು ಹೊರಗೆ ಬಿಡದಿದ್ದರೆ ಕಲ್ಲೇ ಸವೆಯುತ್ತದೆ. ಗೋವಾದಲ್ಲಿ ಗಾರೆ ಕೆಲಸಕ್ಕೆ ಉತ್ತರ ಕರ್ನಾಟಕದವರು ಸಿಗುವುದು ಕಷ್ಟವಲ್ಲ. ಬಾಗಲಕೋಟೆ ಕಡೆಯ ನಮ್ಮ ಮೇಸ್ತ್ರಿ, "ನೀರು ಕುಡದ ಕಲ್ಲಿಗಿ ಹೊರಗ ಬಿಡಾಕ ದಾರಿ ಬೇಕಲ್ರೀ ಸಾಹೇಬ್ರ" ಎಂದು ಚಕ್ಕೆಗಳನ್ನು ಒಟ್ಟುಮಾಡಿದರು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿದ ಗಾರೆಯನ್ನು ತೆಳುವಾದ ಪದರಗಳಲ್ಲಿ ಹಚ್ಚಿ, ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿಚೀಲಗಳನ್ನು ಇಳಿಬಿಟ್ಟೆವು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಈ ಕೆಲಸವನ್ನು ಮಳೆ ಮುಗಿದ ಕೂಡಲೇ ಹಿಡಿಯುವುದು ಒಳ್ಳೆಯದು.

ಮಾಡಿನ ಪಕಾಸು, ರೀಪುಗಳಲ್ಲಿ ಗೆದ್ದಲು ಹಿಡಿದವನ್ನಷ್ಟೇ ಬದಲಿಸಿ, ಅದೇ ಮಂಗಳೂರು ಹೆಂಚನ್ನು ಮತ್ತೆ ಹೊದಿಸಿದೆವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಬ್ಬಿದ ಹೆಂಚು ಇದು. ನೈರುತ್ಯದ ಗಾಳಿಗೆ ಎರಚಲು ಒಳಗೆ ಬಾರದಂತೆ ಆ ಬದಿಯ ಸೂರನ್ನು ಮಾತ್ರ ಹೆಚ್ಚು ಮುಂದಕ್ಕೆ ಚಾಚಿದೆ. ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ಕಿರುಗಾಲುವೆ ತೋಡಿಸಿ ಬೆಣಚುಕಲ್ಲು ತುಂಬಿಸಿದ್ದರಿಂದ ಕೆಸರು ಗೋಡೆಗೆ ಸಿಡಿಯುವುದು ನಿಂತಿತು. ಕೆಂಪು ಕಾವಿಯ ನೆಲಕ್ಕೂ ಕಟ್ಟೆಯ ಮೇಲ್ಮೈಗೂ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಿಸಿದೆ. ನುಣುಪು ಗ್ರಾನೈಟ್ ಹಾಕಿಸಿ ಎಂದವರಿದ್ದರು. ಮಳೆಗಾಲದಲ್ಲಿ ಅದರ ಮೇಲೆ ನಡೆದವರು ಯಾರೂ ಹಾಗೆ ಹೇಳಲಾರರು.

ಕಪ್ಪೆಚಿಪ್ಪಿನ ಹಾಳೆಗಳನ್ನು ಮರದ ಚೌಕಟ್ಟಿಗೆ ಪೋಣಿಸಿದ ಹಳೆಯ ಕಿಟಕಿಯೊಂದು ಉಳಿದಿತ್ತು. ಮಧ್ಯಾಹ್ನದ ಬಿಸಿಲನ್ನು ಹಾಲಿನ ಬಣ್ಣಕ್ಕೆ ತಿರುಗಿಸುವ ಅದನ್ನು ಬಾಲ್ಕಾಂವಿನ ಪಕ್ಕದಲ್ಲಿಯೇ ಇರಿಸಿದೆ. ಹೊಸ ಚಿಪ್ಪು ಹೊಂದಿಸುವುದು ದುಬಾರಿ.

ಅಂಗಳಕ್ಕೆ ಹುಲ್ಲುಹಾಸು ಬೇಡವೆಂದೆ; ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ನೀರುಣಿಸುವುದು ದಂಡ. ಸಿಮೆಂಟ್ ಕಾಂಕ್ರೀಟಿನ ಬದಲು ಮರಳಿನ ಹಾಸಿನ ಮೇಲೆ ಜಂಬಿಟ್ಟಿಗೆ ಇರಿಸಿ ಸಂದುಗಳನ್ನು ತೆರೆದೇ ಬಿಟ್ಟಿರುವುದರಿಂದ ನೀರು ಅಲ್ಲೇ ಇಂಗುತ್ತದೆ, ಆದರೆ ಪಾಚಿ ಕಟ್ಟುವ ಕಲ್ಲುಗಳನ್ನು ಪ್ರತಿ ಮಳೆಗಾಲದಲ್ಲೂ ಗಟ್ಟಿ ಬ್ರಷ್‌ನಿಂದ ತಿಕ್ಕಬೇಕಾಗುತ್ತದೆ. ಮೇ ಕೊನೆಯ ವಾರದಲ್ಲಿ ಕಿರುಗಾಲುವೆಯ ಎಲೆ ತೆಗೆಸಿ, ಸರಿದ ಹೆಂಚುಗಳನ್ನು ಕೂರಿಸಿಬಿಟ್ಟರೆ ಉಳಿದ ವರ್ಷ ಬೇರೆ ಕೆಲಸವಿಲ್ಲ.