ಅಲಂಕಾರ ಕಿತ್ತು ತೋರಿಸಿದರೆ ಐದನೇ ತರಗತಿಗೂ ತಿಳಿಯುತ್ತದೆ

ಪದ್ಯದಲ್ಲಿ ಬರುವ ಉಪಮೆ, ರೂಪಕ ಥರದ ಅಲಂಕಾರ ಹೈಸ್ಕೂಲಿನ ಸರಕು, ಐದನೇ ತರಗತಿ ಮಕ್ಕಳಿಗೆ ಅದೆಲ್ಲ ತಲೆಗೆ ಹತ್ತುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರು ಕಮ್ಮಿಯಿಲ್ಲ. ನಾನು ಅದನ್ನು ಐದನೇ ತರಗತಿಗೆ ಕಲಿಸಿದ ಮೊದಲೆರಡು ವರ್ಷ ಅವರು ನಕ್ಕಿದ್ದೇ ಸರಿ ಅನ್ನಿಸುವ ಹಾಗಿತ್ತು. ಮೂರನೇ ವರ್ಷ ಕೈಹಿಡಿಯಿತು. ಈಗ ಅವರೇ ನನ್ನ ವಾಕ್ಯ ಬರೆದ ಚಾರ್ಟಿನ ಪಟ್ಟಿಗಳನ್ನು ಸಾಲ ಕೇಳುತ್ತಾರೆ.

ಲಕ್ಷಣದಿಂದ ಶುರು ಮಾಡಿದ್ದು ಮೊದಲ ತಪ್ಪು. ‘ಹಾಗೆ, ಅಂತೆ ಬಂದರೆ ಉಪಮೆ’ ಎಂದು ಬೋರ್ಡಿನ ಮೇಲೆ ಬರೆದದ್ದೇ ತಡ, ಮಕ್ಕಳು ಪಾಠ ಪೂರ್ತಿ ಜಾಲಾಡಿ ‘ಅಮ್ಮ ಹೇಳಿದ ಹಾಗೆ ಮಾಡಿದ’, ‘ನಾಳೆ ರಜೆಯಂತೆ’ ಎಲ್ಲವನ್ನೂ ಉಪಮೆಯ ಲೆಕ್ಕಕ್ಕೆ ಸೇರಿಸಿದರು. ಅವರದೇನೂ ತಪ್ಪಿಲ್ಲ, ಕನ್ನಡದಲ್ಲಿ ‘ಅಂತೆ’ ಹೋಲಿಕೆಗೂ ದುಡಿಯುತ್ತದೆ, ಗಾಳಿಸುದ್ದಿಗೂ ದುಡಿಯುತ್ತದೆ. ಎರಡನೇ ತಪ್ಪು, ‘ಕವಿ ಯಾಕೆ ಹೀಗೆ ಬರೆದರು?’ ಎಂದು ನೇರವಾಗಿ ಕೇಳಿದ್ದು. ಮೂವತ್ತು ಚಿಲ್ಲರೆ ಬಾಯಿಂದ ಒಂದೇ ಉತ್ತರ: ‘ಚೆನ್ನಾಗಿರಲಿ ಅಂತ’. ಆಮೇಲೆ ‘ಚೆನ್ನಾಗಿ’ ಎಂಬ ಪದವನ್ನೇ ಆ ಪಿರಿಯಡ್‌ನಲ್ಲಿ ನಿಷೇಧಿಸಬೇಕಾಯಿತು. ಬಳಸಿದವರು ಬೋರ್ಡು ಒರೆಸಬೇಕು.

ದುಡ್ಡು ಹೋದದ್ದು ಚಿತ್ರದ ಕಾರ್ಡುಗಳಲ್ಲಿ. ಬಣ್ಣದ ಪ್ರಿಂಟು, ಲ್ಯಾಮಿನೇಷನ್ ಸೇರಿ ಒಂದಕ್ಕೆ ಸುಮಾರು 35 ರೂಪಾಯಿ, 24 ಕಾರ್ಡು. ಹತ್ತಿರ ಹತ್ತಿರ 850 ನೀರಿಗೆ ಹಾಕಿದ ಹಾಗೆ. ‘ಚಂದ್ರನಂಥ ಮುಖ’ ಕಾರ್ಡಿನಲ್ಲಿ ಚಂದ್ರನ ಫೋಟೊ ಇತ್ತು. ಮಕ್ಕಳು ಅದರ ಕಲೆ ನೋಡಿ, ಮುಖದ ತುಂಬ ಮೊಡವೆ ಇರಬೇಕು ಅಂದರು! ಉಪಮೆಗೆ ಬೇಕಾದದ್ದು ಚಂದ್ರನ ಒಂದು ಗುಣ; ಚಿತ್ರ ಇಡೀ ಚಂದ್ರನನ್ನೇ ತಂದಿಡುತ್ತದೆ. ಚಿತ್ರ ಬೇಡವೇ ಬೇಡ.

ಕೊನೆಗೆ ಉಳಿದದ್ದು ವಾಕ್ಯದ ಪಟ್ಟಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಬಿಳಿ ಚಾರ್ಟು ಆರು, ದಪ್ಪ ಮಾರ್ಕರ್ ಎರಡು, ಮಾಸ್ಕಿಂಗ್ ಟೇಪು ಒಂದು. ನಾನು ಕೊಂಡಾಗ 150 ರೂಪಾಯಿಯ ಒಳಗೆ ಮುಗಿದಿತ್ತು. ಚಾರ್ಟನ್ನು ಉದ್ದಕ್ಕೆ ನಾಲ್ಕಿಂಚು ಅಗಲ ಕತ್ತರಿಸಿದರೆ ಒಂದರಲ್ಲಿ ಐದು ಪಟ್ಟಿ. ಅಕ್ಷರ ಒಂದೂವರೆ ಇಂಚು ಸಾಕು, ಆದರೆ ಪಟ್ಟಿಯ ಮಧ್ಯಕ್ಕಿಂತ ಸ್ವಲ್ಪ ಮೇಲೆ ಬರೆಯಿರಿ. ಇಲ್ಲದಿದ್ದರೆ ಒತ್ತಕ್ಷರಕ್ಕೆ ಜಾಗವಿಲ್ಲದೆ ಕೊನೆಯ ಬೆಂಚಿನವರು ಅಡ್ಡಾದಿಡ್ಡಿ ಓದುತ್ತಾರೆ.

‘ಬಸ್ಸು ಆಮೆಯಂತೆ ಹೋಯಿತು’ ಎಂದು ಬರೆದು ‘ಆಮೆಯಂತೆ’ ಮೇಲೆ ಕಾಗದದ ತುಂಡು ಅಂಟಿಸಿ. ಮುಚ್ಚಿಟ್ಟು ಒಮ್ಮೆ ಓದಿಸಿ, ತೆಗೆದು ಒಮ್ಮೆ ಓದಿಸಿ. ‘ಯಾಕೆ’ ಅನ್ನಬೇಡಿ. ‘ಮುಚ್ಚಿದಾಗ ಏನು ಹೋಯಿತು?’ ಅಂತ ಕೇಳಿ. ಆಮೇಲೆ ಅದೇ ಜಾಗಕ್ಕೆ ‘ಹೆಬ್ಬಾವಿನಂತೆ’ ಅಂಟಿಸಿ. ಆಮೆ ಅಂದರೆ ಬಸ್ಸು ನಿಧಾನ, ಅಷ್ಟೇ. ಹೆಬ್ಬಾವು ಅಂದರೆ ಉದ್ದ, ಹೊಟ್ಟೆ ತುಂಬ ಜನ. ಬರೆದವರ ಮನಸ್ಸಿನಲ್ಲಿ ಯಾವುದಿತ್ತು ಅನ್ನುವ ಜಗಳ ಮಕ್ಕಳಲ್ಲೇ ಹತ್ತಿಕೊಳ್ಳುತ್ತದೆ. ಒಂದು ಎಚ್ಚರ: ಕ್ರಿಯಾಪದ ಸಪ್ಪೆಯಾಗಿರಬೇಕು. ಮೊದಲು ನನ್ನ ಪಟ್ಟಿಯಲ್ಲಿ ‘ತೆವಳಿತು’ ಅಂತಿತ್ತು. ಆಮೆಯನ್ನು ಮುಚ್ಚಿದರೂ ತೆವಳುವುದು ನಿಲ್ಲಲಿಲ್ಲ, ಹಾಗಾಗಿ ಏನೂ ಹೋಗಲಿಲ್ಲ ಅಂದರು. ಒಂದು ಪಿರಿಯಡ್‌ಗೆ ನಾಲ್ಕು ಪಟ್ಟಿ, ಐದನೆಯದಕ್ಕೆ ಆಕಳಿಕೆ.

‘ಕಣದ ರಾಶಿಯಂತೆ’ ಥರದವು ನಮ್ಮಲ್ಲಿ ನಡೆಯಲಿಲ್ಲ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳೇ ಅರ್ಧ. ಕಾಳು ಒಕ್ಕುವ ಕಣವನ್ನು ಕಂಡವರು ಒಬ್ಬರೂ ಇಲ್ಲ. ಮೆಟ್ರೊ, ಕುಕ್ಕರಿನ ಸೀಟಿ, ದರ್ಶಿನಿಯ ದೋಸೆ ಕಾವಲಿ, ಬೇಸಿಗೆಗೆ ಮುಂಚೆ ರಸ್ತೆಗೆ ಉದುರುವ ಗುಲಾಬಿ ಟಬೇಬುಯಾ ಹೂ, ಇವು ಸಾಕು.

‘ಅಂತೆ’ ಇಲ್ಲದೆ ಒಂದನ್ನು ಇನ್ನೊಂದೇ ಅಂದುಬಿಡುವ ರೂಪಕಕ್ಕೆ ಮಾತ್ರ ಮುಚ್ಚುವ ಆಟ ಒಗ್ಗುವುದಿಲ್ಲ, ಮುಚ್ಚಿದರೆ ವಾಕ್ಯವೇ ಕುಸಿಯುತ್ತದೆ. ಅಲ್ಲಿ ಒಗಟು ಹಿಡಿಯಬೇಕು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.’ ಮಲ್ಲಿಗೆ ಅಂತ ಯಾರಾದರೂ ಒಡೆಯುತ್ತಾರೆ. ನಿಜವಾದ ಪಾಠ ಶುರುವಾಗುವುದು ಆಮೇಲೆ: ಹಾಲೂ ಬಿಳಿಯೇ, ಮೊಸರೇ ಯಾಕೆ? ಎರಡು ನಿಮಿಷ ಸುಮ್ಮನಿರಿ, ಬಾಯಿ ಹಾಕಬೇಡಿ. ಹಾಲಾಗಿದ್ದರೆ ಎಲೆಯ ಮೇಲಿಂದ ಹರಿದು ಹೋಗುತ್ತಿತ್ತು, ಮೊಸರು ಗಡ್ಡೆಗಡ್ಡೆಯಾಗಿ ನಿಲ್ಲುತ್ತದೆ, ಹೂವೂ ಹಾಗೇ ನಿಂತಿದೆ ಎಂಬಲ್ಲಿಗೆ ಅವರೇ ಬರುತ್ತಾರೆ. ಪದವನ್ನು ಆರಿಸುವುದು ಅಂದರೇನು ಅಂತ ನಾನು ಬೇರೆ ಹೇಳಬೇಕಾಗಿ ಬಂದಿಲ್ಲ.

ನಡುವೆ ಮಳೆಯ ಮೇಲೊಂದು ಪ್ರಯೋಗ. ‘ಜಿಟಿಜಿಟಿ’, ‘ಧೋ’, ‘ತೊಟತೊಟ’ ಬರೆದು, ಯಾವುದಕ್ಕೆ ಕೊಡೆ ಬೇಕು, ಯಾವುದಕ್ಕೆ ಕೊಡೆಯೂ ಸಾಲದು, ಯಾವುದು ಸೂರಿನಿಂದ ಬೀಳುತ್ತಿದೆ ಎಂದು ಕೇಳಿದೆ. ಅರ್ಥ ಹೇಳಿಕೊಡದೆಯೇ ಮುಕ್ಕಾಲು ಜನ ಸರಿ ಹೇಳಿದರು. ಜಿಟಿ ಒಂದೇ ಸಲ ಬಂದರೆ ಮಳೆಯಲ್ಲ, ಎರಡು ಸಲ ಬಂದರೆ ನಿಲ್ಲದ ಮಳೆ; ಸದ್ದನ್ನು ಅನುಕರಿಸುವ ಪದಗಳ, ಅಂದರೆ ಅನುಕರಣಾವ್ಯಯದ ಪಾಠ ಪುಕ್ಕಟೆ ಆಯಿತು. ಪ್ರಾಸಕ್ಕೆ ನಾಲ್ಕು ಸಾಲಿನ ಎರಡು ಪದ್ಯ ನಾನೇ ಕಟ್ಟಿದೆ, ಒಂದಕ್ಕೆ ಪ್ರಾಸ, ಒಂದಕ್ಕಿಲ್ಲ. ಮೂರು ಮೂರು ಸಲ ಓದಿಸಿ ಮಾರನೇ ದಿನ ಕೇಳಿದರೆ ಪ್ರಾಸದ್ದನ್ನು ಇಪ್ಪತ್ತರ ಮೇಲೆ ಮಕ್ಕಳು ಒಪ್ಪಿಸಿದರು, ಇನ್ನೊಂದನ್ನು ಐದಾರು ಜನ. ಪದ್ಯಗಳು ಮಾತ್ರ ಯಾರಿಗೂ ತೋರಿಸುವ ಹಾಗಿಲ್ಲ.

ವ್ಯಂಗ್ಯ ಇನ್ನೂ ಕೈಗೆ ಸಿಕ್ಕಿಲ್ಲ. ‘ಬಹಳ ಬೇಗ ಬಂದೆಯಪ್ಪ’ ಎಂಬ ಪಟ್ಟಿಯಲ್ಲಿ ಮುಚ್ಚುವುದಾದರೂ ಏನನ್ನು? ಒಂದೇ ಪಟ್ಟಿಯನ್ನು ಎರಡು ದನಿಯಲ್ಲಿ ಓದಿಸಿ ನೋಡುತ್ತಿದ್ದೇನೆ. ಲೇಟಾಗಿ ಬಂದ ಹುಡುಗನನ್ನು ಹೊಗಳಿದ್ದಾರೆ ಅಂತಲೇ ಅರ್ಧ ತರಗತಿ ಈಗಲೂ ನಂಬಿದೆ.