ಸಕ್ಷನ್ ಕಡಿಮೆ, ಕೆಮ್ಮು ಜಾಸ್ತಿ: ಮನೆಯಲ್ಲೇ ನೋಡಿಕೊಂಡು ಟ್ರೇಕಿ ಟ್ಯೂಬ್ ತೆಗೆಸಿದ ನನ್ನ ಅನುಭವ

ಮನೆಗೆ ಹೋಗಿ ಪೇಷೆಂಟ್ ನೋಡಿಕೊಳ್ಳುವ ನರ್ಸ್ ನಾನು. ಜಿಬಿಎಸ್ (ಗಿಲನ್-ಬಾರೆ ಸಿಂಡ್ರೋಮ್, ನರಗಳು ಕೆಟ್ಟು ಮೈ ನಿಶ್ಶಕ್ತವಾಗುವ ಕಾಯಿಲೆ) ಆಗಿ ವೆಂಟಿಲೇಟರ್ ಕಂಡ ಪೇಷೆಂಟ್ ಟ್ರೇಕಿ ಟ್ಯೂಬ್ (ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಹಾಕುವ ಕೊಳವೆ) ಸಮೇತ ಮನೆಗೆ ಬಂದರೆ ಡಿಸ್ಚಾರ್ಜ್ ಶೀಟಿನಲ್ಲಿ ಒಂದು ಸಾಲು ಎಷ್ಟೋ ಸಲ ಇರುತ್ತದೆ: ಗಂಟೆಗೊಮ್ಮೆ ಸಕ್ಷನ್, ಅಂದರೆ ಪೈಪ್ ಹಾಕಿ ಕಫ ಎಳೆದು ತೆಗೆಯುವುದು. ಬೆಂಗಳೂರಿನ ಶ್ರೀನಗರದ ಈ ಕೇಸಿನಲ್ಲಿ ಡಾಕ್ಟರ್ ಹತ್ತಿರ ಮಾತಾಡಿ ಆ ಸಾಲನ್ನೇ ಬದಲಾಯಿಸಿಕೊಂಡೆ. ಗಡಿಯಾರ ನೋಡಿ ಪೈಪ್ ಹಾಕುವುದನ್ನು ಬಿಟ್ಟೆ. ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುವ ಚೀಲ) ಹಿಡಿದು ಕೆಮ್ಮಿಸಲು ಶುರು ಮಾಡಿದೆ. ಹೆಚ್ಚುಕಮ್ಮಿ 7 ತಿಂಗಳಿಗೆ ಟ್ಯೂಬ್ ಹೊರಗೆ ಬಂತು. ಮಧ್ಯೆ ಒಂದು ಸಲವೂ ನ್ಯುಮೋನಿಯಾ ಅಂತ ಐಸಿಯುಗೆ ವಾಪಸ್ ಹೋಗಲಿಲ್ಲ. ಆಗದ ಕೆಲಸ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅಂತ ಕೂತೆ.

ಪೇಷೆಂಟ್ ಹೈಸ್ಕೂಲಿನ ಗಣಿತದ ಮೇಷ್ಟ್ರು. ವಯಸ್ಸು 56ರ ಆಸುಪಾಸು, ತೂಕ 70 ಕೆಜಿ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮನೆಗೆ ಬಂದಾಗ ಕತ್ತು ಸ್ವಲ್ಪ ಆಡುತ್ತಿತ್ತು, ಕಣ್ಣು ಆಡುತ್ತಿತ್ತು, ಅಷ್ಟೇ. ಕಫ್ (ಟ್ಯೂಬಿನ ಸುತ್ತ ಗಾಳಿ ತುಂಬುವ ಬಲೂನ್) ಇರುವ 8ರ ಸೈಜಿನ ಟ್ಯೂಬ್, ಮೂಗಿನಲ್ಲಿ ಊಟ ಕೊಡುವ ರೈಲ್ಸ್ ಟ್ಯೂಬ್, ರಾತ್ರಿಯಿಡೀ ಮತ್ತು ಹಗಲು ಅರ್ಧ ಹೊತ್ತು ಬೈಪ್ಯಾಪ್ (ಉಸಿರಿಗೆ ನೆರವಾಗುವ ಮಷೀನ್), ಬೆನ್ನ ಕೆಳಗೆ ಮಲಗಿ ಮಲಗಿ ಆದ ಸ್ಟೇಜ್ 2 ಹುಣ್ಣು. ಹುಣ್ಣಿನ ವಿಷಯ ಇಲ್ಲಿ ಬೆಳೆಸುವುದಿಲ್ಲ. ಆಲ್ಫಾ ಬೆಡ್ (ಗಾಳಿ ಹಾಸಿಗೆ), 2 ಗಂಟೆಗೊಮ್ಮೆ 30 ಡಿಗ್ರಿ ಓರೆ, ಹೊಟ್ಟೆಗೆ ಸಾಕಷ್ಟು ಪ್ರೋಟೀನ್. ಒಂದೂವರೆ ತಿಂಗಳಲ್ಲಿ ಮುಚ್ಚಿಕೊಂಡಿತು.

ದುಡ್ಡಿನ ಮಾತು ಮೊದಲೇ ಹೇಳಬೇಕು, ಯಾಕಂದ್ರೆ ಇಡೀ ವಿಧಾನ ಹುಟ್ಟಿದ್ದೇ ಅಲ್ಲಿಂದ. ಜಿಬಿಎಸ್‌ಗೆ ರಕ್ತನಾಳದಲ್ಲಿ ಕೊಡುವ ಔಷಧಿ ಐವಿಐಜಿ (ಇಮ್ಯುನೊಗ್ಲಾಬ್ಯುಲಿನ್), ಅದರ ಲೆಕ್ಕ ಹೀಗೆ. ಕೆಜಿಗೆ ದಿನಕ್ಕೆ 0.4 ಗ್ರಾಂ, 5 ದಿನ. 70 ಕೆಜಿಗೆ ಒಟ್ಟು 140 ಗ್ರಾಂ, ಅಂದರೆ 5 ಗ್ರಾಮಿನ ಬಾಟಲಿ 28. ಅದೊಂದಕ್ಕೇ 3 ಲಕ್ಷ ದಾಟಿತ್ತಂತೆ. ಅದರ ಮೇಲೆ ಐಸಿಯು ಬಿಲ್. ಮಾಗಡಿ ರೋಡ್ ಕಡೆ ಇದ್ದ ಒಂದು ಸೈಟ್ ಮಾರಿ ಆಗಿತ್ತು. ನಾನು ಹೋದ ಮೊದಲ ದಿನವೇ ಆ ಮನೆಯ ಅಮ್ಮ ಕೇಳಿದರು, "ಬ್ರದರ್, ಇನ್ನು ಏನೇನು ತರಬೇಕು ಒಂದೇ ಸಲ ಹೇಳಿಬಿಡಿ. ದಿನಾ ಒಂದೊಂದು ಅಂದ್ರೆ ಭಯ ಆಗುತ್ತೆ."

ಇಂಥ ಪೇಷೆಂಟ್‌ಗೆ ನಿಜವಾಗಿ ಬೇಕಾದದ್ದು ಕೆಮ್ಮಿಸುವ ಮಷೀನ್, ಇಂಗ್ಲಿಷಿನಲ್ಲಿ ಕಫ್ ಅಸಿಸ್ಟ್ ಅನ್ನುತ್ತಾರೆ. ವಿಚಾರಿಸಿದಾಗ ಲಕ್ಷಗಳಲ್ಲಿ ಬೆಲೆ ಹೇಳಿದರು. ಬಾಡಿಗೆಗೆ ಕೇಳಿದರೆ ತಿಂಗಳಿಗೆ 20 ಸಾವಿರದ ಮೇಲೆ, ಜೊತೆಗೆ ಡಿಪಾಸಿಟ್. ಆ ಮನೆಯಲ್ಲಿ ಅದು ಸಾಧ್ಯವೇ ಇರಲಿಲ್ಲ. ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಜಿಕಲ್ ಅಂಗಡಿಯಲ್ಲಿ ಸಿಲಿಕಾನ್ ಆಂಬು ಬ್ಯಾಗ್ 1500 ರೂಪಾಯಿ ಒಳಗೇ ಸಿಕ್ಕಿತು. ಪ್ರೆಷರ್ ಗೇಜ್ ಸೇರಿ 3 ಸಾವಿರ ಆಗಿರಬೇಕು.

ಗಂಟೆಗೊಂದು ಸಕ್ಷನ್ ಯಾಕೆ ಬೇಡ ಅನ್ನಿಸಿತು ಅಂತ ಹೇಳುತ್ತೇನೆ. ಜಿಬಿಎಸ್‌ನಲ್ಲಿ ಕೈಕಾಲಿನ ನರ ಮಾತ್ರ ಕೆಡುವುದಿಲ್ಲ, ಹೃದಯದ ಬಡಿತ ನೋಡಿಕೊಳ್ಳುವ ನರಗಳೂ ಎಡವಬಹುದು. ಮೊದಲ ವಾರ ಒಂದು ರಾತ್ರಿ ಕ್ಯಾತಿಟರ್ (ಸಕ್ಷನ್ ಪೈಪ್) ಒಳಗೆ ಹೋಗುತ್ತಿದ್ದ ಹಾಗೇ ಪಲ್ಸ್ 90ರಿಂದ 44ಕ್ಕೆ ಬಿತ್ತು. ಕ್ಯಾತಿಟರ್ ತೆಗೆದು ಆಕ್ಸಿಜನ್ ಕೊಟ್ಟೆ, ಏರಿತು. ಮುಂದಿನ ಸಲ ಮತ್ತೆ ಹಾಗೇ. ಸಕ್ಷನ್ ಪ್ರೆಷರ್ 120 ಎಂಎಂಎಚ್‌ಜಿ ದಾಟಿರಲಿಲ್ಲ, 10 ಸೆಕೆಂಡ್ ಮೀರಿರಲಿಲ್ಲ, 12ರ ಸೈಜಿನ ಕ್ಯಾತಿಟರ್. ಎಲ್ಲ ಸರಿಯಾಗಿಯೇ ಇತ್ತು. ಜೊತೆಗೆ ಕಫದಲ್ಲಿ ರಕ್ತದ ಎಳೆ ಕಾಣಿಸಲು ಶುರುವಾಯಿತು. ಇಷ್ಟು ಕಷ್ಟಪಟ್ಟು ತೆಗೆದರೂ ಎಡಗಡೆ ಕೆಳಗೆ ಸ್ಟೆತ್ ಇಟ್ಟರೆ ಗೊರಗೊರ ಹಾಗೇ ಇತ್ತು. ಕ್ಯಾತಿಟರ್ ಹೋಗುವುದು ಕರೈನಾ (ಶ್ವಾಸನಾಳ ಎರಡಾಗಿ ಒಡೆಯುವ ಜಾಗ) ತನಕ, ಜಾಸ್ತಿ ಅಂದ್ರೆ ಬಲಗಡೆಗೆ. ಎಡಗಡೆ ತಳದಲ್ಲಿ ಕೂತದ್ದನ್ನು ಅದು ಮುಟ್ಟುವುದೇ ಇಲ್ಲ. ಅಲ್ಲಿಂದ ಮೇಲೆ ತರಬೇಕಾದದ್ದು ಕೆಮ್ಮು. ಅವರಿಗೆ ಕೆಮ್ಮಲು ಶಕ್ತಿ ಇಲ್ಲ. ಹಾಗಾದರೆ ನಾವೇ ಕೆಮ್ಮಿಸಬೇಕು, ಅಲ್ವಾ?

ಎದೆರೋಗದ ಡಾಕ್ಟರ್ ಹತ್ತಿರ ಎಕ್ಸ್‌ರೇ ಹಿಡಿದುಕೊಂಡು ಹೋದೆ. ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಳ್ಳುವುದು) ಇಲ್ಲ, ಬುಲ್ಲಾ (ಶ್ವಾಸಕೋಶದಲ್ಲಿ ಗಾಳಿ ತುಂಬಿದ ಗುಳ್ಳೆ) ಇಲ್ಲ ಅಂತ ನೋಡಿ, "ಮಾಡಿ, ಆದರೆ 40ರ ಮೇಲೆ ಪ್ರೆಷರ್ ಹೋಗಬಾರದು" ಅಂತ ಬರೆದುಕೊಟ್ಟರು (ಈ ಪ್ರೆಷರ್ ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ). ಬರೆಸಿಕೊಳ್ಳದೆ ಯಾರೂ ಇದಕ್ಕೆ ಕೈ ಹಾಕಬೇಡಿ.

ಕ್ರಮ ಹೀಗೆ. ದಿನಕ್ಕೆ 4 ಸಲ, ಫೀಡ್‌ಗೆ ಮುಂಚೆ. ಫೀಡ್ ಆಗಿದ್ದರೆ ಒಂದೂವರೆ ಗಂಟೆ ಬಿಟ್ಟು. ತಲೆ ಕಡೆ 45 ಡಿಗ್ರಿ ಎತ್ತಿರಬೇಕು. ಕಫ್ ಪ್ರೆಷರ್ 25ಕ್ಕೆ ಇಟ್ಟುಕೊಂಡು ಆಂಬು ಸೇರಿಸುತ್ತೇನೆ. ನಿಧಾನವಾಗಿ ಒತ್ತಬೇಕು. ಎದೆ ಎರಡೂ ಕಡೆ ಸಮನಾಗಿ ಏಳುವುದು ಕಾಣಬೇಕು. ಗೇಜ್ 30-35ಕ್ಕೆ ಬಂದಾಗ ಒಂದೆರಡು ಸೆಕೆಂಡ್ ಹಿಡಿದು, ಥಟ್ಟನೆ ಬಿಡಬೇಕು. ಬಿಡುವ ಆ ಕ್ಷಣಕ್ಕೇ ಇನ್ನೊಬ್ಬರು ಹೊಕ್ಕುಳ ಮೇಲ್ಭಾಗದಲ್ಲಿ ಅಂಗೈ ಇಟ್ಟು ಒಳಗೆ ಮತ್ತು ಮೇಲಕ್ಕೆ ಒತ್ತಬೇಕು. ಪೇಷೆಂಟ್ ಕೂಡ ಅದೇ ಹೊತ್ತಿಗೆ ಕೆಮ್ಮಲು ಮನಸ್ಸು ಮಾಡಬೇಕು. ಇಂಥ 5 ಉಸಿರು, ಸ್ವಲ್ಪ ವಿಶ್ರಾಂತಿ, ಮತ್ತೆ 5. ಮೂರು ನಾಲ್ಕು ಸುತ್ತಿಗೆ ಕಫ ಟ್ಯೂಬಿನ ಬಾಯಿಗೆ ಬಂದು ನಿಲ್ಲುತ್ತದೆ. ಆಗ ಒಂದೇ ಸಕ್ಷನ್, ಅದೂ ಟ್ಯೂಬಿನ ಉದ್ದದಷ್ಟೇ ಒಳಗೆ. ಕರೈನಾ ಮುಟ್ಟುವುದು ಬೇಡ. ಪಲ್ಸ್ ಅಲುಗಾಡುವುದಿಲ್ಲ. ಮಧ್ಯದಲ್ಲಿ ಗೊರಗೊರ ಕೇಳಿಸಿದರೆ, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿದರೆ ತಕ್ಷಣ ಸಕ್ಷನ್ ಮಾಡಬೇಕು. ನಾನು ಬಿಟ್ಟದ್ದು ಗಡಿಯಾರವನ್ನು, ಸಕ್ಷನ್ ಅನ್ನು ಅಲ್ಲ.

ಇಬ್ಬರು ಬೇಕಲ್ಲ, ಎರಡನೆಯವರು ಯಾರು? ಅಮ್ಮನೇ. ಮೂರೇ ದಿನಕ್ಕೆ ಕೈ ಕೂಡಿತು. ಒಬ್ಬರೇ ಇದ್ದಾಗ ಮಾಡಲು ನಾನು ಒಂದು ವಾಲ್ವ್ ಜೋಡಣೆ ಮಾಡಿಕೊಂಡಿದ್ದೇನೆ. ಒಂದರ ಮೇಲೊಂದು ಉಸಿರು ಪೇರಿಸಲು ಬರುತ್ತದೆ. ಅದರ ವಿವರ ಇಲ್ಲಿ ಬರೆಯುವುದಿಲ್ಲ. ಒಂದು ಕನೆಕ್ಟರ್ ಹಿಂದುಮುಂದಾದರೆ ಗಾಳಿ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಎದುರಿಗೆ ಬಂದು ಕೂತವರಿಗೆ ಮಾತ್ರ ತೋರಿಸುತ್ತೇನೆ.

ರಾತ್ರಿ ಡ್ಯೂಟಿಗೆ ಬರುತ್ತಿದ್ದ ನಮ್ಮ ಹುಡುಗ ಮೊದಲ ದಿನವೇ ಗಾಬರಿಯಾದ. "ಅಣ್ಣ, ಬ್ಲಾಕ್ ಆದ್ರೆ ಕೇಸ್ ನಮ್ಮ ತಲೆ ಮೇಲೆ ಬರುತ್ತೆ." ಕೆಲಸ ಕೊಡಿಸಿದ ಏಜೆನ್ಸಿಯ ಮೇಡಂ ಅಂತೂ ಚಾರ್ಟ್‌ನಲ್ಲಿ ಗಂಟೆಗೊಂದು ಟಿಕ್ ಇಲ್ಲ ಅಂತ ಎರಡು ಸಲ ಫೋನ್ ಮಾಡಿದರು. ನೆಂಟರಲ್ಲಿ ಒಬ್ಬರು ಡಾಕ್ಟರ್ ಇದ್ದರು, "ಈ ಟ್ಯೂಬ್ ಪರ್ಮನೆಂಟ್, ಸುಮ್ನೆ ಆಸೆ ಹುಟ್ಟಿಸಬೇಡಿ" ಅಂದರು. ನಾನು ವಾದಕ್ಕೆ ಇಳಿಯಲಿಲ್ಲ. ಕ್ಯಾತಿಟರ್ ಲೆಕ್ಕ ತೋರಿಸಿದೆ. ಮೊದಲು ದಿನಕ್ಕೆ 20ರ ಮೇಲೆ ಹೋಗುತ್ತಿತ್ತು. ಒಂದು ತಿಂಗಳಲ್ಲಿ 6-7ಕ್ಕೆ ಬಂತು. ಒಂದಕ್ಕೆ 20 ರೂಪಾಯಿ ಅಂದರೂ ತಿಂಗಳಿಗೆ 8-9 ಸಾವಿರ ಉಳಿತಾಯ. ಎಡಗಡೆ ತಳದಲ್ಲಿ ಗಾಳಿ ಚೆನ್ನಾಗಿ ಕೇಳಿಸತೊಡಗಿತು. ಐಸಿಯುನಲ್ಲಿ ಹತ್ತು ಹನ್ನೆರಡು ವರ್ಷ ಕಳೆದ ಕಿವಿ ನನ್ನದು, ಅಷ್ಟು ನಂಬಿಕೆ ನನಗಿತ್ತು.

ಎಲ್ಲವೂ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಫೆಬ್ರವರಿ, ಮಾರ್ಚ್ ನಮ್ಮನ್ನು ಸಾಯಿಸಿಬಿಟ್ಟಿತು. ಬೆಂಗಳೂರಿನ ಆ ಒಣ ಹವೆಯಲ್ಲಿ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಒಂದು ಮಧ್ಯಾಹ್ನ ಒಳಗಿನ ಕ್ಯಾನುಲಾ (ಟ್ರೇಕಿ ಟ್ಯೂಬಿನ ಒಳಗೆ ಕೂರುವ ಇನ್ನೊಂದು ಕೊಳವೆ) ತೆಗೆದರೆ ಮುಕ್ಕಾಲು ಭಾಗ ಕಂದು ಬಣ್ಣದ ಪೊರೆ. ಒಳ ಕ್ಯಾನುಲಾ ಇರುವ ಟ್ಯೂಬ್ ಆಗಿದ್ದಕ್ಕೆ ಬಚಾವ್, ತೆಗೆದು ಇನ್ನೊಂದು ಹಾಕಿದ ಕೂಡಲೇ ಉಸಿರು ಸರಾಗವಾಯಿತು. 3 ಪರ್ಸೆಂಟ್ ಸಲೈನ್ (ಉಪ್ಪುನೀರು) ನೆಬ್ಯುಲೈಸ್ ಮಾಡಿ, ಅಂದರೆ ಮಂಜಿನ ಹಾಗೆ ಉಸಿರಿನಲ್ಲಿ ಕೊಟ್ಟು ನೋಡಿದೆವು. ಕಫ ಸಡಿಲವಾಯಿತು ನಿಜ, ಆದರೆ ವೀಸಿಂಗ್ (ಎದೆಯಲ್ಲಿ ಸುಂಯ್ ಸದ್ದು) ಬಂತು. ಡಾಕ್ಟರ್ ನಿಲ್ಲಿಸಿದರು. ಟ್ಯೂಬಿನ ಬಾಯಿಗೆ ಹಾಕಿ ಉಸಿರಿನ ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ದಿನಕ್ಕೊಂದು ಬೇಕಿತ್ತು, ಆಗ 150 ರೂಪಾಯಿ. ನೆಬ್ಯುಲೈಸ್ ಮಾಡುವಾಗ ಅದನ್ನು ತೆಗೆಯದಿದ್ದರೆ ನೆನೆದು ಉಸಿರು ಕಟ್ಟುತ್ತದೆ, ಇದನ್ನು ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಕೊನೆಗೆ ನೆಟ್ಟಗೆ ಬಂದದ್ದು ಮೂರು ಸೇರಿದ ಮೇಲೆ: ರಾತ್ರಿ ಬೈಪ್ಯಾಪ್ ಜೊತೆ ಬಿಸಿ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಉಪಕರಣ), ಹಗಲು ಎಚ್‌ಎಂಇ, ಮತ್ತು ಡಾಕ್ಟರ್ ಒಪ್ಪಿಗೆ ಪಡೆದು ಟ್ಯೂಬಿನಲ್ಲಿ ಕೊಡುವ ನೀರು ದಿನಕ್ಕೆ ಅರ್ಧ ಲೀಟರ್ ಜಾಸ್ತಿ. ನನ್ನ ಪ್ರಕಾರ ಹೆಚ್ಚು ಕೆಲಸ ಮಾಡಿದ್ದು ನೀರು.

ಫೀಡ್ ವಿಷಯ ಬಂತಲ್ಲ, ರಾಗಿ ಪ್ರಯೋಗ ಹೇಳಲೇಬೇಕು. ಡಬ್ಬಿ ಪೌಡರ್‌ಗೆ ತಿಂಗಳಿಗೆ 12 ಸಾವಿರ ಹೋಗುತ್ತಿತ್ತು. ಅಮ್ಮ ರಾಗಿ ಗಂಜಿ ಕೊಡೋಣ ಅಂದರು. ಮೊದಲನೇ ದಿನ 16ರ ರೈಲ್ಸ್ ಟ್ಯೂಬ್ ಕಟ್ಟಿಕೊಂಡಿತು. ಬಿಸಿನೀರು, ಸಿರಿಂಜ್, ಏನು ಮಾಡಿದರೂ ಬಿಡಲಿಲ್ಲ, ಟ್ಯೂಬೇ ಬದಲಾಯಿಸಬೇಕಾಯಿತು. ಬೇಯಿಸಿದ ಗಂಜಿ ಆರಿದ ಮೇಲೆ ಗಟ್ಟಿಯಾಗುವುದೇ ತೊಂದರೆ. ಆಮೇಲೆ ಮೊಳಕೆ ಕಟ್ಟಿದ ರಾಗಿ ತಂದೆವು. ಒಣಗಿಸಿ, ಹುರಿದು, ಬೀಸಿ, ಮಲ್ಲು ಬಟ್ಟೆಯಲ್ಲಿ ಎರಡು ಸಲ ಸೋಸಿದ ಹಿಟ್ಟು. ಮೊಳಕೆ ಬಂದ ಧಾನ್ಯದ ಗಂಜಿ ತೆಳ್ಳಗೇ ಉಳಿಯುತ್ತದೆ. ಅದರಲ್ಲಿ ದಿನಕ್ಕೆರಡು ಫೀಡ್, ಉಳಿದದ್ದು ಪೌಡರ್. ಪ್ರೋಟೀನ್‌ಗೆ ಬೇಯಿಸಿದ ಮೊಟ್ಟೆಯ ಬಿಳಿ ಅರೆದು ಕೊಡೋಣ ಅಂದರೆ ಮೇಷ್ಟ್ರ ಮನೆಯಲ್ಲಿ ಮೊಟ್ಟೆ ಬರುವ ಹಾಗಿಲ್ಲ. ವೇ (ಹಾಲಿನ ಪ್ರೋಟೀನ್) ಪೌಡರ್ ತಂದೆವು. ಡಯಟಿಷಿಯನ್ ಲೆಕ್ಕ ಹಾಕಿ ದಿನಕ್ಕೆ 90 ಗ್ರಾಂ ಪ್ರೋಟೀನ್ ಹೊಂದಿಸಿದರು.

ಇನ್ನೊಂದು ಪ್ರಯೋಗ ಕರೆಗಂಟೆಯದು. ಕೈ ಆಡದ, ಧ್ವನಿ ಇಲ್ಲದ ಮನುಷ್ಯ ರಾತ್ರಿ ಯಾರನ್ನು ಹೇಗೆ ಕರೆಯಬೇಕು? ಎಸ್.ಪಿ. ರೋಡಿಗೆ ಹೋಗಿ ವೈರ್‌ಲೆಸ್ ಡೋರ್‌ಬೆಲ್ ಮತ್ತು ಉದ್ದ ಕಡ್ಡಿ ಇರುವ ಮೈಕ್ರೋ ಸ್ವಿಚ್ ತಂದೆ. ಎಲ್ಲಾ ಸೇರಿ 400 ರೂಪಾಯಿ. ಬೆಲ್‌ನ ಗುಂಡಿ ಬಿಚ್ಚಿ ಆ ಸ್ವಿಚ್‌ಗೆ ಬೆಸುಗೆ ಹಾಕಿಸಿ, ದಿಂಬಿನ ಪಕ್ಕ ಕೆನ್ನೆ ತಾಗುವ ಹಾಗೆ ಕಟ್ಟಿದೆ. ತಲೆ ಒಂದು ಬೆರಳಷ್ಟು ಹೊರಳಿಸಿದರೆ ಗಂಟೆ. ಅವತ್ತು ರಾತ್ರಿ ಅವರು ಹತ್ತಾರು ಸಲ ಒತ್ತಿದರು. ಏನೂ ಬೇಕಿರಲಿಲ್ಲ, ಜನ ಬರುತ್ತಾರೋ ಇಲ್ಲವೋ ಅಂತ ನೋಡಿಕೊಂಡರು. ಪ್ರತಿ ಸಲವೂ ಎದ್ದು ಹೋದೆವು. ಮರುದಿನದಿಂದ ನಿದ್ದೆ ಚೆನ್ನಾಗಿ ಬಂತು, ಬೈಪ್ಯಾಪ್ ಜೊತೆ ಗುದ್ದಾಟವೂ ನಿಂತಿತು. ಅಕ್ಷರದ ಹಲಗೆ ಮಾಡಿದ್ದೆ, ಅದು ಉಪಯೋಗಕ್ಕೆ ಬರಲಿಲ್ಲ. ಅಕ್ಷರ, ಅದರ ಕಾಗುಣಿತ, ಒತ್ತು ಅಂತ ತೋರಿಸುವಷ್ಟರಲ್ಲಿ ಅವರು ಸುಸ್ತಾಗುತ್ತಿದ್ದರು. ಸೆಕೆ, ನೋವು, ಹೊರಳಿಸಿ, ಕಫ, ಕಾಲು ಅಂತ ಹತ್ತು ಪದಗಳ ಹಲಗೆ ಸಾಕಾಯಿತು.

ಕರೆಂಟ್ ಬಗ್ಗೆ ಎರಡೇ ಮಾತು. ಬೈಪ್ಯಾಪ್‌ಗೂ ಸಕ್ಷನ್‌ಗೂ 150 ಎಎಚ್ ಬ್ಯಾಟರಿಯ ಯುಪಿಎಸ್, ಕಾಲಲ್ಲಿ ಒತ್ತುವ ಸಕ್ಷನ್ ಒಂದು ಬೇರೆ. ಬಿ ಟೈಪ್ ಸಿಲಿಂಡರ್‌ನಲ್ಲಿ 1500 ಲೀಟರ್ ಆಕ್ಸಿಜನ್ ಇರುತ್ತದೆ, ನಿಮಿಷಕ್ಕೆ 2 ಲೀಟರ್ ಅಂದರೆ 12 ಗಂಟೆ. ಎರಡು ಇಟ್ಟುಕೊಂಡಿದ್ದೆವು. ಎರಡನೇ ಮಹಡಿಗೆ ಹೊತ್ತವರಿಗೆ ಪ್ರತಿ ಸಲ 200 ರೂಪಾಯಿ.

ಹಗಲು ಪೂರ್ತಿ ಬೈಪ್ಯಾಪ್ ಇಲ್ಲದೆ ಇರತೊಡಗಿದ ಮೇಲೆ ಕಫ್ ಗಾಳಿ ಇಳಿಸುವುದು ಶುರು. ಸ್ಪೀಚ್ ಥೆರಪಿಸ್ಟ್ ಬಂದು ನುಂಗುವುದನ್ನು ನೋಡಿದರು. ನಂತರ ಸ್ಪೀಕಿಂಗ್ ವಾಲ್ವ್, ಅದು ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬರುವ ಉಸಿರು ಗಂಟಲ ಮೂಲಕ ಹೋಗಿ ಮಾತು ಬರುತ್ತದೆ. ಇಲ್ಲೊಂದು ಎಚ್ಚರಿಕೆ. ಕಫ್ ಉಬ್ಬಿರುವಾಗ ವಾಲ್ವ್ ಅಥವಾ ಕ್ಯಾಪ್ (ಟ್ಯೂಬಿನ ಮುಚ್ಚಳ) ಹಾಕಿದರೆ ಪೇಷೆಂಟ್ ಉಸಿರುಗಟ್ಟಿ ಹೋಗಿಬಿಡುತ್ತಾರೆ. ನಮ್ಮಲ್ಲಿ ಸಿರಿಂಜಿನಿಂದ ಗಾಳಿ ತೆಗೆದು, ಪೈಲಟ್ ಬಲೂನ್ (ಕಫ್‌ನಲ್ಲಿ ಗಾಳಿ ಇದೆಯೇ ಅಂತ ಹೊರಗಿನಿಂದ ತೋರಿಸುವ ಪುಟ್ಟ ಬಲೂನ್) ಹಿಸುಕಿ ಇಬ್ಬರೂ ನೋಡಿದ ಮೇಲೆಯೇ ವಾಲ್ವ್ ಡಬ್ಬಿ ತೆರೆಯುವುದು. ಮೊದಲ ದಿನ ಅವರು ಒಂದೇ ಉಸಿರಿನಲ್ಲಿ 7ರ ತನಕ ಎಣಿಸಿದರು. ದಿನಾ ಬೆಳಿಗ್ಗೆ ಇದೇ ಪರೀಕ್ಷೆ. ಉಸಿರಿನ ಶಕ್ತಿ ತಿಳಿಯಲು ಇದಕ್ಕಿಂತ ಅಗ್ಗದ್ದು ಇಲ್ಲ. 20 ದಾಟಿದ ಮೇಲೆ ಎಣಿಕೆ ಬೇಜಾರು ಅಂತ 13ರ ಮಗ್ಗಿ ಹೇಳತೊಡಗಿದರು. ಮಗ್ಗಿ ಆಮೇಲೆ ಹೇಳಿ, ನನಗೆ ಚಾರ್ಟಿಗೆ ಎಣಿಕೆ ಬೇಕು ಅಂತ ಹೇಳಿ ಅವರಿಂದ ಎಣಿಸುವುದೇ ದಿನಾ ಒಂದು ಕೆಲಸವಾಯಿತು.

ಕ್ಯಾಪ್ ಹಾಕುವ ಹಂತದಲ್ಲಿ ಮತ್ತೆ ಸೋಲು. ಹತ್ತು ನಿಮಿಷಕ್ಕೇ ಬೆವರು, ಕತ್ತಿನ ಸ್ನಾಯು ಎಳೆತ. ಎರಡು ವಾರ ಹೀಗೇ. ನೆಂಟರ ಡಾಕ್ಟರ್, "ಹೇಳಿರಲಿಲ್ವಾ?" ಅಂದರು. ನನಗೆ ಅನುಮಾನ ಇದ್ದದ್ದು ಟ್ಯೂಬಿನ ಮೇಲೆ. 8ರ ಟ್ಯೂಬ್, ಅದರ ಸುತ್ತ ಮಡಚಿದ ಕಫ್, ಗಾಳಿ ಪಕ್ಕದಿಂದ ಹೋಗಲು ಜಾಗ ಎಲ್ಲಿದೆ? ಇಎನ್‌ಟಿ ಡಾಕ್ಟರ್ ಸ್ಕೋಪ್ (ಒಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕಿ ನೋಡಿ, ಕಫ್ ಇಲ್ಲದ 6ರ ಟ್ಯೂಬ್ ಹಾಕಿದರು. ಅವತ್ತೇ ಸಂಜೆ 2 ಗಂಟೆ ಕ್ಯಾಪ್ ತಡೆದರು. ಮೂರು ವಾರದಲ್ಲಿ ಹಗಲು ರಾತ್ರಿ ಪೂರ್ತಿ. ರಾತ್ರಿ ಬೈಪ್ಯಾಪ್ ಅನ್ನು ಮಾಸ್ಕ್‌ಗೆ ಬದಲಾಯಿಸಿದೆವು.

ಟ್ಯೂಬ್ ತೆಗೆಯಲು ಡಾಕ್ಟರ್ ಕೇಳಿದ್ದು ಒಂದೇ ನಂಬರ್, ಕೆಮ್ಮಿನ ವೇಗ. ನಿಮಿಷಕ್ಕೆ 160 ಲೀಟರ್ ದಾಟಬೇಕು. ಆಸ್ತಮಾದವರು ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್‌ಗೆ ಮಾಸ್ಕ್ ಜೋಡಿಸಿ, ಟ್ಯೂಬಿಗೆ ಕ್ಯಾಪ್ ಹಾಕಿ ಅಳೆಯುತ್ತಿದ್ದೆ. ಅವರಾಗಿಯೇ ಕೆಮ್ಮಿದರೆ 130. ಆಂಬು ಉಸಿರು ತುಂಬಿ, ಅಮ್ಮ ಹೊಟ್ಟೆ ಒತ್ತಿದರೆ 210ರ ಹತ್ತಿರ. ಅಷ್ಟು ತಿಂಗಳು ಕಲಿತ ಕೈ ಅದು. ಆಸ್ಪತ್ರೆಯಲ್ಲಿ ಟ್ಯೂಬ್ ತೆಗೆಸಿ, ಒಂದು ರಾತ್ರಿ ಅಲ್ಲೇ ಇಟ್ಟುಕೊಂಡು ಕಳಿಸಿದರು. ತೂತಿನ ಮೇಲೆ ಗಾಜ್ ಇಟ್ಟು, ಕೆಮ್ಮುವಾಗ ಎರಡು ಬೆರಳಿಂದ ಒತ್ತಿ ಹಿಡಿಯಲು ಹೇಳಿಕೊಟ್ಟೆ. ಹತ್ತು ದಿನದಲ್ಲಿ ಮುಚ್ಚಿತು.

ಮನೆಯ ಒಟ್ಟು ಖರ್ಚು, ನಮ್ಮ ಸಂಬಳವೂ ಸೇರಿ, ತಿಂಗಳಿಗೆ 1 ಲಕ್ಷದ ಆಸುಪಾಸು. ಕಡಿಮೆ ಅಲ್ಲ. ಆದರೆ ಐಸಿಯುನ ಎರಡು ಮೂರು ದಿನದ ಬಿಲ್‌ನಲ್ಲಿ ಒಂದು ತಿಂಗಳು ನಡೆಯಿತು.

ಈಗ ವಿಜಯನಗರದಲ್ಲಿ ಕತ್ತಿನ ಮೂಳೆ ಮುರಿದ ಹುಡುಗನೊಬ್ಬನಿಗೆ ಇದನ್ನೇ ಮಾಡುತ್ತಿದ್ದೇನೆ. ಸ್ಪೈನ್ ಸರ್ಜನ್ ಒಪ್ಪಿದ ಮೇಲೆ ಹೊಟ್ಟೆ ಒತ್ತುವುದು ಶುರುವಾಗಿದೆ. ಹೀಗೆ ಕತ್ತಿನ ಬೆನ್ನುಹುರಿಗೆ ಪೆಟ್ಟಾದ ಪೇಷೆಂಟ್‌ಗಳಲ್ಲಿ ಸಕ್ಷನ್‌ಗೆ ಪಲ್ಸ್ ಬೀಳುವುದು ಇನ್ನೂ ಜಾಸ್ತಿ, ಕೂರಿಸಿದರೆ ಬಿಪಿ ಇಳಿಯುತ್ತದೆ. ಅದಕ್ಕೆ ಹೊಟ್ಟೆಗೆ ಬೈಂಡರ್ (ಅಗಲ ಪಟ್ಟಿ) ಕಟ್ಟಿ ತಲೆ ಕಡೆ ನಿಧಾನವಾಗಿ ಏರಿಸುತ್ತಿದ್ದೇನೆ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದು ಬುಲ್ಲಾ ಇರುವವರಿಗೆ, ಪಕ್ಕೆಲುಬು ಮುರಿದವರಿಗೆ ಈ ವಿಧಾನ ಬೇಡವೇ ಬೇಡ.